ಸಾಲಾಗಿ ಬಂದ ನೀಲಿ ನಿಲುವಂಗಿಗಳು

ಚಿಕ್ಕಮ್ಮ ಅಂಗಡಿಯ ಬೀಗದ ಕೈಯನ್ನು ತಂದು, ಅಂಗಡಿಯಲ್ಲೇ ಕೂತಿದ್ದ ಪುಟ್ಟಿಯ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. ಪುಟ್ಟಿ ಅವಳ ಅಕ್ಕನ ಮಗಳು. ಆದರೆ ಅಕ್ಕನ ಮಗಳು, ಸ್ವಂತ ಮಗಳು ಎಂಬ ಭೇದವನ್ನು ಚಿಕ್ಕಮ್ಮ ಯಾವತ್ತೂ ಎಣಿಸಿದವಳಲ್ಲ.

"ಇನ್ಮೇಲೆ ಅಂಗಡಿ ನೀನೇ ನೋಡ್ಕೋ."

"ಯಾಕೆ ಚಿಕ್ಕಮ್ಮ, ಯಾರ ಜೊತೆ ಜಗಳ?"

"ನನ್ನ ತಲೆ ಜೊತೆ."

ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ರಾಜರ ಕೋಟು, ಭಟರ ಕವಚ, ಭಿಕ್ಷುಕರ ಚಿಂದಿ, ಎಲ್ಲವೂ ಛಾವಣಿಯವರೆಗೆ ತೂಗಾಡುತ್ತಿದ್ದವು. ಯಾವುದು ಎಲ್ಲಿದೆ ಎಂದು ಹುಡುಕಲು ಪುಟ್ಟಿಯೇ ಒಂದು ಸರ್ಚ್ ಮಾಡಿಕೊಟ್ಟಿದ್ದಳು. ಹೊಸ ಉಡುಪು ಬಂದರೆ ಚಿಕ್ಕಮ್ಮ ತಾನೇ ಟೈಪ್ ಮಾಡಿ ಸೇರಿಸುತ್ತಿದ್ದಳು. ಇತ್ತೀಚೆಗೆ ಮಾತ್ರ ಸೇರಿಸಿದ್ದು ಸಿಗುತ್ತಿರಲಿಲ್ಲ. ರಾಣಿಯ ನೀಲಿ ನಿಲುವಂಗಿಯನ್ನು ಸೇರಿಸಿದ ನೆನಪು ಚೆನ್ನಾಗಿಯೇ ಇತ್ತು. ಹುಡುಕಿದರೆ 'ಏನೂ ಸಿಗಲಿಲ್ಲ'. ಮತ್ತೆ ಸೇರಿಸಿದಳು. ಮರುದಿನ ಅದೇ ಹಾಡು. ತಪ್ಪು ಯಂತ್ರದ್ದಿರಬಹುದೆಂದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ, ಪುಟ್ಟಿ ಮಾಡಿಕೊಟ್ಟದ್ದಲ್ಲವೇ! ಚಿಕ್ಕಮ್ಮನ ಅಮ್ಮನಿಗೂ ಮರೆವು ಹೀಗೇ ಸಣ್ಣದಾಗಿ ಶುರುವಾಗಿತ್ತು. ಕೊನೆಗೊಂದು ದಿನ ಅಮ್ಮ ಇವಳನ್ನೇ "ನೀನು ಯಾರಮ್ಮ?" ಎಂದು ಕೇಳಿದ್ದಳು. ತನಗೂ ಅದೇ ಬಂತೆಂದು ಚಿಕ್ಕಮ್ಮ ಹೆದರಿಹೋಗಿದ್ದಳು.

ನಿಲುವಂಗಿ ಸಿಗದ ಕಥೆ ಕೇಳಿ ಪುಟ್ಟಿ ತಾನೇ ಹುಡುಕಿದಳು. ಏನೂ ಸಿಗಲಿಲ್ಲ. ಕಂಪ್ಯೂಟರ್ ಕೊಟ್ಟ ನಂಬರನ್ನು ಚಿಕ್ಕಮ್ಮ ನಿಲುವಂಗಿಯ ಕತ್ತಿಗೆ ಪಿನ್ನು ಹಾಕಿ ಸಿಕ್ಕಿಸಿದ್ದಳು. ಆ ನಂಬರ್ ಕೊಟ್ಟು ನೇರವಾಗಿ ಕೇಳಿದರೆ ನಿಲುವಂಗಿ ತಕ್ಷಣ ಪರದೆಗೆ ಬಂತು. ಪುಟ್ಟಿ ಹಣೆ ಚಚ್ಚಿಕೊಂಡಳು.

"ತಪ್ಪು ನಂದು ಚಿಕ್ಕಮ್ಮ. ಹಳೇ ಉಡುಪುಗಳ್ನೆಲ್ಲ ಒಟ್ಟಿಗೆ ತುಂಬಿಸೋವಾಗ ಬೇಗ ಆಗ್ಲಿ ಅಂತ ಇಂಡೆಕ್ಸ್, ಅಂದ್ರೆ ಹುಡುಕೋ ಪಟ್ಟಿ, ರಿಫ್ರೆಶ್ ಆಗೋದನ್ನ ನಿಲ್ಲಿಸಿದ್ದೆ. ಮತ್ತೆ ಶುರು ಮಾಡ್ಲೇ ಇಲ್ಲ. ನೀನು ಬರೆದಿದ್ದೆಲ್ಲ ಒಳಗೆ ಭದ್ರವಾಗಿದೆ. ರಿಫ್ರೆಶ್ ಆಗೋವರೆಗೂ ಹುಡುಕಿದ್ರೆ ಕಾಣಲ್ಲ, ಅಷ್ಟೇ."

"ಹಾಗಾದ್ರೆ ಮರೆತಿದ್ದು?"

"ನಾನು."

ಚಿಕ್ಕಮ್ಮ ಅಲ್ಲೇ ಇದ್ದ ರಾಜನ ಸಿಂಹಾಸನದ ಮೇಲೆ ಕುಸಿದು ಕೂತಳು. ಪುಟ್ಟಿ ತನ್ನ ಪ್ರೋಗ್ರಾಮಿನಿಂದ ಸರ್ಚ್ ಇಂಜಿನ್ನಿಗೆ ರಿಫ್ರೆಶ್ ಮಾಡೆಂದು ಒಂದೇ ಒಂದು ಸಾಲು ಕಳಿಸಿ, ಮತ್ತೆ ಹುಡುಕಿದಳು. ಅಬ್ಬಾ, ಒಂದರ ಕೆಳಗೊಂದು ನೀಲಿ ನಿಲುವಂಗಿಗಳು ಪರದೆ ತುಂಬ ಬಂದವು. ಪುಟ್ಟಿಗೆ ನಗು ಬಂತು. ಆಮೇಲೆ ಷರಾ ಬರೆಯುವ ಜಾಗ ಕಣ್ಣಿಗೆ ಬಿತ್ತು.

'ಇವತ್ತು ಸೇರಿಸಿದೆ.'

'ನಿಜವಾಗ್ಲೂ ಸೇರಿಸಿದೆ. ಮರೀಬೇಡ ಕಣೆ.'

ಕೊನೆಯದರಲ್ಲಿ: 'ಪುಟ್ಟಿಯನ್ನೂ ನೀನು ಯಾರಮ್ಮ ಅಂತ ಕೇಳೋ ಮೊದಲೇ ಬೀಗದ ಕೈ ಕೊಟ್ಟುಬಿಡಬೇಕು.'

"ಅದನ್ನೆಲ್ಲ ಓದ್ಬೇಡ, ಅಳಿಸಿಹಾಕು," ಎಂದು ಚಿಕ್ಕಮ್ಮ ನಾಚಿಕೊಂಡು ಎದ್ದು ಬಂದಳು. ಪುಟ್ಟಿಗೆ ಪರದೆ ಮಸುಕಾಗಿತ್ತು. ಚಿಕ್ಕಮ್ಮನ ಸೊಂಟ ತಬ್ಬಿಕೊಂಡು ಮುಖ ಒತ್ತಿಕೊಂಡಳು.

ಚಿಕ್ಕಮ್ಮ ಅವಳ ತಲೆ ನೇವರಿಸುತ್ತಲೇ ಇನ್ನೊಂದು ಕೈಯಿಂದ ಬೀಗದ ಕೈ ಎತ್ತಿಕೊಂಡಳು.

"ಬಿಡು. ಇಷ್ಟು ಮರೆವು ಇರೋಳ ಕೈಗೆ ಅಂಗಡಿ ಕೊಡೋಕಾಗುತ್ತೇನೇ?" ಎನ್ನುತ್ತ, ಪಕ್ಕದಲ್ಲೇ ತೂಗಾಡುತ್ತಿದ್ದ ರಾಣಿಯ ನಿಲುವಂಗಿಯ ತೋಳಿನಿಂದಲೇ ಅವಳ ಕಣ್ಣೊರೆಸಿದಳು.