ಕಯಿರಾ ಸಾಹೇಬರ ಕೋಟು

ಲಿಲಾಂಗ್ವೆಯ ಸರ್ಕಾರಿ ಕಂಪ್ಯೂಟರ್ ಕೇಂದ್ರದಲ್ಲಿ ಕುರ್ಚಿಯ ಬೆನ್ನಿಗೆ ಕೋಟು ತೂಗುತ್ತಿದ್ದರೆ ಸಾಹೇಬರು ಇಲ್ಲೇ ಎಲ್ಲೋ ಇದ್ದಾರೆ ಎಂದರ್ಥ. ಹಾಗಾಗಿ ಕಯಿರಾ ಸಾಹೇಬರು ಮಣ್ಣಾಗಿ ವರ್ಷ ಕಳೆದರೂ ಅವರ ಕಂದು ಕೋಟಿಗೆ ಯಾರೂ ಕೈ ಹಚ್ಚಿರಲಿಲ್ಲ.

ಅವರ ಕಂಪ್ಯೂಟರ್ ಖಾತೆಯನ್ನೂ ಯಾರೂ ಮುಚ್ಚಿರಲಿಲ್ಲ. ಎಲ್ಲ ಇಲಾಖೆಗಳ ಬೀಗದ ಕೈ ಅದರಲ್ಲಿತ್ತು. ಸರ್ಕಾರ ಅದಕ್ಕಾಗಿ ಸಾಫ್ಟ್‌ವೇರ್ ಕಂಪನಿಗೆ ತಿಂಗಳ ಬಾಡಿಗೆಯನ್ನೂ ಕಟ್ಟುತ್ತಿತ್ತು. ಭದ್ರತೆಯ ಹೊಣೆ ಹೊತ್ತ ತಮಂಡಾನಿಗೆ ಇದು ತಿಳಿದದ್ದು ಖರ್ಚು ಕಡಿತದ ಆದೇಶ ಬಂದಾಗ. ನಾಳೆ ತಪಾಸಣೆ. ಸತ್ತವರ ಖಾತೆ ತೆರೆದಿರುವುದು ಕಂಡರೆ ಅವಳ ಕೆಲಸ ಹೋದಂತೆಯೇ. ಅದು ಬರೀ ತೆರೆದಿರಲೂ ಇಲ್ಲ, ದಿನಾ ಬೆಳಿಗ್ಗೆ ಇದೇ ಕೋಣೆಯಿಂದ ಯಾರೋ ಅದರೊಳಗೆ ಹೋಗುತ್ತಿದ್ದರು.

“ಕೋಟು ಇದೆಯಲ್ಲಕ್ಕಾ, ಪಾಪ, ರಜೆ ಹಾಕದೆ ದುಡೀತಿದಾರೆ. ನಿಮಗ್ಯಾಕೆ ಹೊಟ್ಟೆಕಿಚ್ಚು?” ಎಂದ ಪಕ್ಕದ ಮೇಜಿನ ಕೊಂಡ್ವಾನಿ.

“ನಿನ್ನ ನ್ಸಿಮಾ ಮುದ್ದೆ ಆರೋಗ್ತಿದೆ, ಹೋಗಿ ತಿನ್ನಪ್ಪ.”

ಅವನು ಊಟಕ್ಕೆ ಹೋದ ಮೇಲೆ ಕೋಣೆಯಲ್ಲಿ ಉಳಿದದ್ದು ಅವಳು ಮತ್ತು ಆ ಕೋಟು. ಖಾತೆ ಮುಚ್ಚುವ ಗುಂಡಿ ಒತ್ತಿದಳು. ‘ಮೇಲಧಿಕಾರಿಯ ಒಪ್ಪಿಗೆಗೆ ಕಳಿಸಲಾಗಿದೆ’ ಎಂದು ಪರದೆ ಹೇಳಿತು. ಮೇಲಧಿಕಾರಿ ಎಂದರೆ ಕಯಿರಾ ಸಾಹೇಬರೇ. ಆ ಜಾಗಕ್ಕೆ ಬೇರೆ ಹೆಸರು ತುಂಬುವುದು ಯಾರಿಗೂ ನೆನಪಾಗಿರಲಿಲ್ಲ. ಇನ್ನು ನೌಕರಿ ಮುಗಿಯಿತು ಎಂದು ಅವಳು ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಅಷ್ಟರಲ್ಲಿ ಒಪ್ಪಿಗೆ ಬಂತು. ಖಾತೆ ಮುಚ್ಚಿಕೊಂಡಿತು.

ಬದುಕಿದ್ದಾಗ ಸಾಹೇಬರು ಯಾವ ಕಡತಕ್ಕೂ ಇಷ್ಟು ಬೇಗ ಒಪ್ಪಿದವರಲ್ಲ. ಥ್ಯಾಂಕ್ಸ್ ಹೇಳಬೇಕೋ ಬೇಡವೋ ಎಂದು ತಿಳಿಯದೆ ತಮಂಡಾನಿ ನಿಧಾನವಾಗಿ ಹಿಂತಿರುಗಿ ನೋಡಿದಳು. ಕುರ್ಚಿಯ ಬೆನ್ನಿನಲ್ಲಿ ಕೋಟು ಇರಲಿಲ್ಲ.