ಕಪ್ಪುಕುಳಿಗೂ ರಾಹುಕಾಲ

ತೊಂಬತ್ತೊಂಬತ್ತರ ಗ್ರಹಣದ ಹೊತ್ತಿಗೆ ಕಾಪು ಕಡಲತೀರದಲ್ಲಿ ನಿಂತು, ಜನರೆದುರೇ ಗೋಳಿಬಜೆ ತಿಂದು, "ರಾಹುವೂ ಇಲ್ಲ, ಕೇತುವೂ ಇಲ್ಲ!" ಎಂದು ಕೂಗಿದವರು ನಮ್ಮ ಭೌತಶಾಸ್ತ್ರದ ದೇವದಾಸ ಸರ್. ಆ ಗೋಳಿಬಜೆಗೆ ಮರುಳಾಗಿಯೇ ನಾನು ಮಣಿಪಾಲದಲ್ಲಿ ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದೆ. ನನ್ನ ಕರ್ಮ!

ನನ್ನ ವಿಷಯ ಕಬ್ಬಿಣದ ಎಕ್ಸ್-ರೇ ವರ್ಣಪಟಲದ ಒಂದು ಗೆರೆ. ಪ್ರಯೋಗಶಾಲೆಯಲ್ಲಿ ಅದು ಸಪೂರ, ನೆಟ್ಟಗೆ. ದೈತ್ಯ ಕಪ್ಪುಕುಳಿಯ ಸುತ್ತ ಗಿರಗಿರ ತಿರುಗುವ ಅನಿಲದ ತಟ್ಟೆಯಿಂದ ಬಂದರೆ ಮಾತ್ರ ಒಂದು ಬದಿಗೆ ಜಗ್ಗಿ ಅಗಲವಾಗಿರುತ್ತದೆ. ಎಷ್ಟು ಜಗ್ಗಿದೆ ಎಂದು ಅಳೆದರೆ ಆ ಕುಳಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿಯುತ್ತದೆ. ಅಳೆಯಲು ಹೊರದೇಶದ ದೂರದರ್ಶಕ ಉಪಗ್ರಹದಲ್ಲಿ ವೀಕ್ಷಣೆಯ ಸಮಯ ಬೇಕು; ಅದಕ್ಕೆ ವರ್ಷಕ್ಕೊಮ್ಮೆ ಅರ್ಜಿ. ಸಮಯ ಸಿಗದಿದ್ದರೆ ನನ್ನ ಪಿಎಚ್.ಡಿ. ಇಲ್ಲ.

ಮೊದಲ ವರ್ಷ ಅರ್ಜಿಯ ಗಡುವು ಆ ದೇಶದ ಶುಕ್ರವಾರದ ಮಧ್ಯರಾತ್ರಿ, ಅಂದರೆ ನಮ್ಮ ಶನಿವಾರ ಬೆಳಿಗ್ಗೆ ಹತ್ತೂವರೆ. ಅಲ್ಪವಿರಾಮ ತಿದ್ದಿ ತಿದ್ದಿ ಸರ್ ಒಂಬತ್ತು ದಾಟಿಸಿದರು. ಕಳುಹಿಸಲು ನಾನು ಮೌಸಿಗೆ ಕೈ ಹಾಕಿದ್ದೇ ತಡ, ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ನಿಲ್ಲು ಮಾರಾಯ್ತಿ, ಈಗ ರಾಹುಕಾಲ. ಹತ್ತೂವರೆಗೆ ಬಿಡ್ತದೆ."

"ಸರ್, ಹತ್ತೂವರೆಗೆ ಅವರ ಬಾಗಿಲೂ ಮುಚ್ಚುತ್ತದೆ!"

"ಒಂದು ನಿಮಿಷದಲ್ಲಿ ಎಂತ ಆಗ್ತದೆ?"

ಕಳುಹಿಸಲು ಬೇಕಾದ ಪಾಸ್‌ವರ್ಡ್ ಅವರಲ್ಲಿತ್ತು. ರಾಹು ಹೋದ, ಬಾಗಿಲು ಮುಚ್ಚಿತು, ನನ್ನ ಒಂದು ವರ್ಷ ನೀರಿನಲ್ಲಿ ಹೋಮ. ಬೆಳಕನ್ನೇ ನುಂಗುವ ಕುಳಿಗೆ ಹೆದರದ ಮನುಷ್ಯ! ಸಿಟ್ಟಿನಲ್ಲಿ ನಾನು ಆ ದಿನ ಊಟ ಬಿಟ್ಟೆ.

ಮರುವರ್ಷ ಸರ್ ಹುಷಾರಾದರು. "ಗಡುವಿಗೆ ಮೊದಲೇ ಕಳಿಸುವ. ಗುರುವಾರ ನಡು ಮಧ್ಯಾಹ್ನ ಅಭಿಜಿನ್ ಮುಹೂರ್ತ ಉಂಟು" ಎಂದು ಪಾಸ್‌ವರ್ಡನ್ನು ನನಗೇ ಕೊಟ್ಟು, ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಲು ಕಾರ್ಕಳಕ್ಕೆ ಹೋದರು. ನಾನು ಮುಹೂರ್ತವನ್ನು ಸುಮ್ಮನೆ ಕೂತು ಕಳೆದೆ. ನಿಧಾನವಾಗಿ ಊಟ ಮಾಡಿದೆ. ಗುರುವಾರದ ರಾಹುಕಾಲ ಸರಿಯಾಗಿ ನಡುವಿಗೆ ಬಂದಾಗ ಗುಂಡಿ ಒತ್ತಿದೆ. ಆಹಾ, ಎಂಥ ತೃಪ್ತಿ!

ಸಮಯ ಸಿಕ್ಕಿತು. ಗೆರೆಯೂ ಸಿಕ್ಕಿತು, ನಾವು ಬಯಸಿದ್ದಕ್ಕಿಂತ ಅಗಲವಾಗಿ. ಸರ್ ಅಂಬಲಪಾಡಿಯಲ್ಲಿ ಪೂಜೆ ಮಾಡಿಸಿ ಪ್ರಸಾದ ತಂದರು.

"ನೋಡಿದೆಯಾ ಯಶ್ಮಿತಾ? ಗಳಿಗೆ ಅಂದರೆ ಗಳಿಗೆ! ಇನ್ನೆಂತ ಪುರಾವೆ ಬೇಕು?"

ನಿಜ ನಾಲಿಗೆಯ ತುದಿಗೆ ಬಂತು. ಆದರೆ ಪ್ರಬಂಧಕ್ಕೆ ಅವರ ಸಹಿ ಬೇಕಲ್ಲ. "ಹೌದು ಸರ್" ಎಂದು ಪ್ರಸಾದ ಬಾಯಿಗೆ ಹಾಕಿಕೊಂಡೆ.

ಪ್ರಬಂಧ ಬರೆದು ಮುಗಿದು ಅವರ ಮೇಜಿನ ಮೇಲಿದೆ. ಸಹಿ ಹಾಕಲು ಸರ್ ಒಳ್ಳೆಯ ದಿನ ಹುಡುಕುತ್ತಿದ್ದಾರೆ. ಈಗ ಆಟಿ ತಿಂಗಳಂತೆ, ಶುಭಕಾರ್ಯ ಮಾಡಬಾರದಂತೆ.