ನಾಯಿ ತಿನ್ನದ ಅನ್ನದುಂಡೆ

“ಅತ್ತೀ, ತಿನ್ನು! ಉಂಡಿ ಕಣ್ಣೆದುರಿಗೇ ಐತಿ, ಕೆಂಪು ಗುಂಡಿ ಒತ್ತು!”

ಓಬಳೇಶ್ ಕೂಗಿದ ಕೂಗಿಗೆ ಕೊಟ್ಟೂರು ಪೇಟೆಯಲ್ಲಿ ಮಲಗಿದ್ದ ಎಮ್ಮೆಗಳೆಲ್ಲ ಎದ್ದು ನಿಂತವು. ಗವಿಸಿದ್ದೇಶನ ಅಂಗಡಿಯ ಟೀವಿ ಮುಂದೆ ಕಂಬಳಿ ಹಾಸಿ ಕೂತಿದ್ದ ಓಬಳೇಶನ ಸೋದರತ್ತೆ ಪಕ್ಕೀರಮ್ಮ ಮಾತ್ರ ಅಲುಗಲಿಲ್ಲ. ಗುಂಡಿಗಳಿದ್ದ ಆಟದ ಡಬ್ಬಿಯನ್ನು ಹಾಲು ಕುಡಿಯುವ ಮರಿಯಂತೆ ಮಡಿಲಲ್ಲಿಟ್ಟುಕೊಂಡಿದ್ದಳು.

ಉಣ್ಣೆ ಕತ್ತರಿಸುವ ಮಷಿನ್ ಮಾಡುವ ಜಪಾನಿನ ಕಂಪನಿಯೊಂದು ಪ್ರಚಾರಕ್ಕೆಂದೇ ಮಾಡಿಸಿ ಕಳಿಸಿದ ವಿಡಿಯೋ ಆಟ ಅದು. ಆಡುವವರು ನಾಯಿಯಾಗಬೇಕು. ಉಕ್ಕುವ ಹೊಳೆ ದಾಟಿಸಿ ನಲವತ್ತು ಕುರಿಗಳನ್ನು ಆಚೆ ದಡ ಮುಟ್ಟಿಸಬೇಕು. ನಡುವೆ ಆಕಾಶದಿಂದ ಒಂದೇ ಒಂದು ಅನ್ನದುಂಡೆ ಬೀಳುತ್ತದೆ. ತಿಂದ ನಾಯಿಗೆ ಹತ್ತು ಎಣಿಸುವಷ್ಟು ಹೊತ್ತು ಆನೆಬಲ. ನಲವತ್ತೂ ದಾಟಿಸಿದವರಿಗೆ ಮಷಿನ್ ಬಹುಮಾನ. ಒಬ್ಬರಿಗೆ ಒಂದೇ ಸಲ. ಕೂಡ್ಲಿಗಿಯಿಂದ ಹಡಗಲಿಯವರೆಗಿನ ಶೂರರೆಲ್ಲ ಬಂದು, ಉಂಡೆ ತಿಂದು, ಸಿಡಿಲಿನಂತೆ ಓಡಿ, ಮೂವತ್ತೊಂಬತ್ತಕ್ಕೆ ಸೋತಿದ್ದರು. ಓಬಳೇಶನೂ ಅಷ್ಟೇ. ಒಂದು ಕುಂಟುಮರಿ ಪ್ರತಿ ಸಲವೂ ಹಿಂದೆ ಉಳಿಯುತ್ತಿತ್ತು.

ಪಕ್ಕೀರಮ್ಮ ಈವರೆಗೆ ಕತ್ತರಿಸಿದ ಉಣ್ಣೆ ಹೊದಿಸಿದರೆ ಗುಡೇಕೋಟೆಯ ಗುಡ್ಡಗಳಿಗೆಲ್ಲ ಬೆವರು ಬರುತ್ತಿತ್ತು. ಈಗ ಬಲಗೈ ಹೆಬ್ಬೆರಳು ಬದನೆಕಾಯಿಯಷ್ಟು ಊದಿ, ಕತ್ತರಿಯ ಹಿಡಿಯೊಳಗೆ ಹೋಗುತ್ತಲೇ ಇರಲಿಲ್ಲ. ಮಷಿನ್ ಸಿಗದಿದ್ದರೆ ಕುರಿಗಳನ್ನೆಲ್ಲ ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

“ನಾನಽ ತಿಂದ್ರ ಕುಂಟಿಗೇನು ಉಳೀತೈತಲೇ?” ಎಂದಳು. “ಹಟ್ಟ್ಯಾಗ ಮೊದ್ಲು ಯಾರಿಗೆ ಹಾಕ್ತೀವಿ?”

“ಯಮ್ಮಾ, ಇದು ಆಟರೀ,” ಗವಿಸಿದ್ದೇಶ ನಕ್ಕ. “ಉಂಡಿ ನಾಯಿಗೇ ಅಂತ ಜಪಾನ್ನೋರು ಬರದಾರ.”

“ಅವ್ರು ಕುರಿ ಕಾಯ್ದಾರೇನೋ ತಮ್ಮಾ?”

ನಾಯಿ ಉಂಡೆಯನ್ನು ಮೂತಿಯಿಂದ ಉರುಳಿಸುತ್ತ ಹಿಂದಕ್ಕೆ ಹೊರಟಿತು.

“ಹೋತು! ಮಷಿನ್ ಹೋತು!” ಓಬಳೇಶ್ ತಲೆ ಮೇಲೆ ಕೈ ಹೊತ್ತ. ನೀರು ಏರುತ್ತಿತ್ತು. ಉಂಡೆ ಕುಂಟುಮರಿಯ ಮೂಗಿಗೆ ತಾಗಿತು. ಮರಿ ಮೂಸಿತು, ತಿಂದಿತು.

ಆಮೇಲೆ ಬೆಳೆಯತೊಡಗಿತು. ಕುರಿಯಾಯಿತು, ಟಗರಾಯಿತು, ಕೋಗಳಿಯ ಬಸದಿಗಿಂತ ಎತ್ತರವಾಯಿತು. ಕೊಂಬುಗಳು ಟೀವಿಯ ಚೌಕಟ್ಟು ಸೀಳಿ ಅಂಗಡಿಯ ತಗಡಿಗೆ ತಾಗಿದವೆಂದೇ ನೋಡಿದವರೆಲ್ಲ ಇವತ್ತಿಗೂ ಆಣೆ ಮಾಡುತ್ತಾರೆ. ಆ ಟಗರು ಮಂಡಿಯೂರಿ ಹೊಳೆಗೆ ಅಡ್ಡ ಮಲಗಿತು. ಮೂವತ್ತೊಂಬತ್ತು ಕುರಿಗಳು ಅದರ ಬೆನ್ನ ಮೇಲೆ ಒಂದೊಂದಾಗಿ ನಡೆದುಹೋದವು. ಕೊನೆಗೆ ಅದು ಎದ್ದು ಒಂದೇ ಹೆಜ್ಜೆ ಇಟ್ಟಿತು. ಆಚೆ ದಡದಲ್ಲಿ ಮತ್ತೆ ಅದೇ ಪುಟ್ಟ ಕುಂಟುಮರಿ.

ಗವಿಸಿದ್ದೇಶ ಯಾವಾಗಲೋ ಚಪ್ಪಲಿ ಕಳಚಿ ನಿಂತಿದ್ದ. “ತಿಂಗಳಿಂದ ಆಡಿಸಾಕತ್ತೀನಿ,” ಎಂದು ಪಿಸುಗುಟ್ಟಿದ, “ಇದನ್ನ ನಾನೂ ನೋಡಿದ್ದಿಲ್ಲರೀ.”

ಮಷಿನ್ನಿನ ಪೆಟ್ಟಿಗೆಯನ್ನು ಅವನೇ ತಂದು ಮಡಿಲಿಗಿಟ್ಟರೂ ಪಕ್ಕೀರಮ್ಮನ ಕಣ್ಣು ಟೀವಿಯಲ್ಲೇ ಇತ್ತು.

“ನಾಯಿ ಈ ದಂಡಿಗೇ ಉಳೀತಲ್ಲೋ.”

ನಾಯಿ ಆಚೆ ದಡ ನೋಡುತ್ತ, ಬಾಲ ಅಲ್ಲಾಡಿಸುತ್ತ ಕೂತಿತ್ತು. ಆಕೆ ಬುತ್ತಿಗಂಟಿನಿಂದ ಅರ್ಧ ರೊಟ್ಟಿ ಮುರಿದು ಟೀವಿಯ ಕೆಳಗಿಟ್ಟಳು. ಪೆಟ್ಟಿಗೆಯನ್ನು ಓಬಳೇಶನ ಹೆಗಲಿಗೇರಿಸಿ ಹೊರಟಳು.

ಸಂಜೆ ಅಂಗಡಿ ಮುಚ್ಚುವಾಗ ಗವಿಸಿದ್ದೇಶ ಟೀವಿಯ ಸ್ವಿಚ್ಚಿಗೆ ಕೈ ಹಾಕಿದ. ಹಾಗೆಯೇ ಕೈ ಹಿಂದಕ್ಕೆ ತೆಗೆದು ಶಟರ್ ಎಳೆದ. ಒಳಗೆ ಹೊಳೆಯ ನೀಲಿ ಬೆಳಕು ರೊಟ್ಟಿಯ ಮೇಲೆ ಅಲುಗುತ್ತಿತ್ತು.